ಸರ್ಕಾರ ಕೊಟ್ಟ ಇ-ಸ್ಕ್ರಿಪ್‌ನಿಂದ ಕಸ್ಟಮ್ಸ್ ಸುಂಕ ಕಟ್ಟುವುದು ಹೇಗೆ? ಸಣ್ಣ ರಫ್ತುದಾರರಿಗೆ ಹಂತ ಹಂತದ ಮಾರ್ಗದರ್ಶಿ

ಚಿಲ್ಲರೆ ಇಲ್ಲದಾಗ ಬಸ್ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ರಫ್ತುದಾರರಿಗಾಗಿ ಇರುವ ಕೇಂದ್ರದ ರೋಡ್‌ಟೆಪ್ ಯೋಜನೆಯ ಇ-ಸ್ಕ್ರಿಪ್ (ಎಲೆಕ್ಟ್ರಾನಿಕ್ ಜಮೆ ಪತ್ರ) ಹೆಚ್ಚುಕಡಿಮೆ ಅದೇ. ನೀವು ರಫ್ತು ಮಾಡಿದ ಸರಕಿನೊಳಗೆ ಸೇರಿಹೋದ, ಬೇರೆ ದಾರಿಯಲ್ಲಿ ವಾಪಸ್ ಬರದ ತೆರಿಗೆಗಳನ್ನು ಸರ್ಕಾರ ಹಿಂದಿರುಗಿಸಬೇಕು. ಅದನ್ನು ನಗದಾಗಿ ಕೊಡುವುದಿಲ್ಲ. ನಿಮ್ಮ ಹೆಸರಲ್ಲಿ ಒಂದು ಜಮೆ ಬರೆಯುತ್ತದೆ. ಮುಂದೆ ಆಮದು ಮಾಡುವಾಗ ಸರ್ಕಾರಕ್ಕೆ ಕೊಡಬೇಕಾದ ಸುಂಕಕ್ಕೆ ಆ ಜಮೆಯನ್ನು ವಜಾ ಹಾಕಿಕೊಳ್ಳಬಹುದು. ಆಮದು ಇಲ್ಲದವರು ಇನ್ನೊಬ್ಬರಿಗೆ ಮಾರಬಹುದು. ಗಡುವಿನೊಳಗೆ ಎರಡೂ ಮಾಡದಿದ್ದರೆ ಜಮೆ ಹೋಯಿತು.

ಕೇಳುವುದಕ್ಕೆ ಸುಲಭ. ಆದರೂ ಪೀಣ್ಯದ ಬಿಡಿಭಾಗ ತಯಾರಕರಿಂದ ಹಿಡಿದು ಗಾರ್ಮೆಂಟ್ಸ್‌ನವರವರೆಗೆ ಎಲ್ಲರೂ ಎಡವುವುದು ಅದೇ ನಾಲ್ಕೈದು ಕಡೆ. ಶಿಪ್ಪಿಂಗ್ ಬಿಲ್‌ನಲ್ಲಿ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ಕ್ಲೇಮ್ ಮಾಡಿರುವುದಿಲ್ಲ. ಸ್ಕ್ರಿಪ್ ಯಾವುದಕ್ಕೆ ಬೇಕು ಎಂದು ಯೋಚಿಸದೆ ಬಟನ್ ಒತ್ತಿರುತ್ತಾರೆ. ಇಲ್ಲವೇ ಪೂರ್ತಿ ಸುಂಕಕ್ಕೆ ಸಾಕಾಗುತ್ತದೆ ಎಂದು ಲೆಕ್ಕ ಹಾಕಿ, ಕೊನೇ ಗಳಿಗೆಯಲ್ಲಿ ನಗದಿಗೆ ಪರದಾಡುತ್ತಾರೆ. ಹೀಗಾಗಿ ಇಲ್ಲಿ ಹಂತಗಳ ಕ್ರಮಕ್ಕೇ ಜಾಸ್ತಿ ಒತ್ತು ಕೊಟ್ಟಿದ್ದೇನೆ.

## ಮೊದಲು ಈ ಲೆಕ್ಕ ನೋಡಿ

ಸ್ಕ್ರಿಪ್‌ನಿಂದ ಕಟ್ಟಲು ಆಗುವುದು ಮೂಲ ಕಸ್ಟಮ್ಸ್ ಸುಂಕ ಮಾತ್ರ. ಎಂದರೆ 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಶೆಡ್ಯೂಲ್ ಪ್ರಕಾರ ಬೀಳುವ ಸುಂಕ. ಸಮಾಜ ಕಲ್ಯಾಣ ಸರ್‌ಚಾರ್ಜ್, ಕೃಷಿ ಮೂಲಸೌಕರ್ಯ ಸೆಸ್, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಯಾವುದಕ್ಕೂ ಇದು ನಡೆಯುವುದಿಲ್ಲ. ಬಡ್ಡಿ, ದಂಡಕ್ಕೂ ಇಲ್ಲ.

ಉದಾಹರಣೆಗೆ, 10,00,000 ರೂಪಾಯಿ ಮೌಲ್ಯದ ಯಂತ್ರವೊಂದು ಬರುತ್ತಿದೆ ಅಂದುಕೊಳ್ಳಿ. ಮೂಲ ಸುಂಕ ಶೇ 7.5 ಇದ್ದರೆ 75,000. ಅದರ ಮೇಲೆ ಶೇ 10 ಸರ್‌ಚಾರ್ಜ್ 7,500. ಇವೆಲ್ಲ ಸೇರಿದ 10,82,500ರ ಮೇಲೆ ಶೇ 18 ಐಜಿಎಸ್‌ಟಿ 1,94,850. ಒಟ್ಟು ಕಟ್ಟಬೇಕಾದದ್ದು 2,77,350 ರೂಪಾಯಿ. ನಿಮ್ಮ ಹತ್ತಿರ 3 ಲಕ್ಷದ ಸ್ಕ್ರಿಪ್ ಇದ್ದರೂ ಅದು ತೀರಿಸುವುದು 75,000 ಮಾತ್ರ. ಉಳಿದ 2,02,350 ರೂಪಾಯಿ ನಗದಾಗಿಯೇ ಕಟ್ಟಬೇಕು.

ನಿಮ್ಮ ಸರಕಿನ ದರ ಹಾಕಿ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಿ. ಮೂಲ ಸುಂಕವೇ ಇಲ್ಲದ ಸರಕು ತರುವವರಿಗೆ, ವ್ಯಾಪಾರ ಒಪ್ಪಂದದ ಕಾರಣ ಸುಂಕ ಸೊನ್ನೆಯಾಗಿರುವವರಿಗೆ ಸ್ಕ್ರಿಪ್ ಸ್ವಂತಕ್ಕೆ ಉಪಯೋಗಕ್ಕೇ ಬರುವುದಿಲ್ಲ. ಅಂಥವರು ನೇರವಾಗಿ ಮಾರಾಟದ ದಾರಿ ಹಿಡಿಯುವುದು ಒಳ್ಳೆಯದು.

## ಕೈಯಲ್ಲಿ ಏನೇನಿರಬೇಕು

- ಚಾಲ್ತಿಯಲ್ಲಿರುವ ಐಇಸಿ (ಆಮದು-ರಫ್ತು ಮಾಡುವವರ ಕೋಡ್ ಸಂಖ್ಯೆ). ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ ಇದನ್ನು ಅಪ್‌ಡೇಟ್ ಮಾಡಬೇಕು. ಯಾವ ಬದಲಾವಣೆ ಇಲ್ಲದಿದ್ದರೂ ಹಾಗೆಂದು ಖಚಿತಪಡಿಸಬೇಕು. ಮರೆತರೆ ಐಇಸಿ ನಿಷ್ಕ್ರಿಯವಾಗುತ್ತದೆ.
- ಕಸ್ಟಮ್ಸ್ ಇಲಾಖೆಯ ಪೋರ್ಟಲ್ ಆದ ಐಸ್‌ಗೇಟ್‌ನ ಲಾಗಿನ್. ಅದಕ್ಕೆ ಜೋಡಿಸಿದ ಮೊಬೈಲ್ ಮತ್ತು ಇಮೇಲ್ ನಿಮ್ಮ ಕಂಪನಿಯದ್ದೇ ಆಗಿರಲಿ.
- ಕ್ಲಾಸ್ 3 ಡಿಜಿಟಲ್ ಸಹಿಯ (ಡಿಎಸ್‌ಸಿ) ಟೋಕನ್.
- ಎಲ್ಲ ಶಿಪ್ಪಿಂಗ್ ಬಿಲ್‌ಗಳ ಪಟ್ಟಿ: ಸಂಖ್ಯೆ, ದಿನಾಂಕ, ಬಂದರು, ಎಫ್‌ಒಬಿ ಮೌಲ್ಯ (ಹಡಗು ಹತ್ತಿಸುವವರೆಗಿನ ಸರಕಿನ ಬೆಲೆ), ನಿರೀಕ್ಷಿಸುವ ಜಮೆ. ಒಂದು ಎಕ್ಸೆಲ್ ಶೀಟ್ ಸಾಕು.

ಮೊಬೈಲ್, ಇಮೇಲ್ ಬಗ್ಗೆ ಒಂದು ಮಾತು. ಎಷ್ಟೋ ಸಣ್ಣ ಕಂಪನಿಗಳಲ್ಲಿ ಇವೆರಡೂ ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್) ಹೆಸರಲ್ಲಿರುತ್ತವೆ. ಡಿಎಸ್‌ಸಿ ಟೋಕನ್ ಕೂಡ ಅವರ ಡ್ರಾಯರ್‌ನಲ್ಲೇ ಇರುತ್ತದೆ. ಸ್ಕ್ರಿಪ್ ವರ್ಗಾವಣೆ ಆಗುವುದು ಇದೇ ಲಾಗಿನ್‌ನಿಂದ. ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಯಾರಿಗೂ ಕೊಡುವುದಿಲ್ಲ ಅಲ್ವಾ? ಇದನ್ನೂ ಕೊಡಬೇಡಿ.

## ಹಂತ 1: ಜಮೆ ಬರುವ ಮೊದಲೇ ಖಾತೆ ತೆರೆಯಿರಿ

ಐಸ್‌ಗೇಟ್‌ಗೆ ಲಾಗಿನ್ ಆಗಿ ರೋಡ್‌ಟೆಪ್/ರೋಸ್ಕ್‌ಟೆಲ್ (ರೋಸ್ಕ್‌ಟೆಲ್ ಉಡುಪಿನವರ ಯೋಜನೆ) ವಿಭಾಗದಲ್ಲಿ ಕ್ರೆಡಿಟ್ ಲೆಡ್ಜರ್ ಖಾತೆ ತೆರೆಯಿರಿ. ಇದಕ್ಕೆ ಡಿಎಸ್‌ಸಿ ಬೇಕು. ಒಂದು ಐಇಸಿಗೆ ಒಂದು ಖಾತೆ. ಬೆಂಗಳೂರು ವಿಮಾನ ನಿಲ್ದಾಣ, ಚೆನ್ನೈ, ನವ ಮಂಗಳೂರು ಹೀಗೆ ಎಲ್ಲಿಂದ ಕಳಿಸಿದರೂ ಜಮೆ ಕಾಣುವುದು ಅದರಲ್ಲೇ.

ಸಾಮಾನ್ಯ ತಪ್ಪು: ಐಸ್‌ಗೇಟ್‌ನಲ್ಲೇ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರ್ ಎಂಬ ಇನ್ನೊಂದು ಖಾತೆಯಿದೆ. ನೀವು ಬ್ಯಾಂಕಿನಿಂದ ತುಂಬಿದ ಹಣ ಕೂರುವುದು ಅಲ್ಲಿ. ಸ್ಕ್ರಿಪ್ ಜಮೆಯನ್ನು ಅಲ್ಲಿ ಹುಡುಕಿದರೆ ಸೊನ್ನೆಯೇ ಕಾಣುತ್ತದೆ. ಆಮದು ಮಾಡುವಾಗ ಎರಡೂ ಬೇಕಾಗುತ್ತವೆ. ಆದರೆ ಒಂದರ ಹಣ ಇನ್ನೊಂದಕ್ಕೆ ಹರಿಯುವುದಿಲ್ಲ.

## ಹಂತ 2: ಶಿಪ್ಪಿಂಗ್ ಬಿಲ್‌ನಲ್ಲಿ ಕ್ಲೇಮ್ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ದೊಡ್ಡ ನಷ್ಟ ಆಗುವುದು ಇಲ್ಲೇ. ರೋಡ್‌ಟೆಪ್ ತಾನಾಗಿ ಬರುವುದಿಲ್ಲ. ಶಿಪ್ಪಿಂಗ್ ಬಿಲ್‌ನಲ್ಲಿ ಪ್ರತಿ ಐಟಂಗೂ ಬೇರೆ ಬೇರೆಯಾಗಿ ಕೇಳಬೇಕು. ಕೇಳುವ ಐಟಂಗೆ 'ರೋಡ್‌ಟೆಪ್ ವೈ' ಎಂಬ ಕೋಡ್, ಬೇಡ ಅನ್ನುವುದಕ್ಕೆ 'ರೋಡ್‌ಟೆಪ್ ಎನ್'. ಹತ್ತು ಐಟಂ ಇರುವ ಬಿಲ್‌ನಲ್ಲಿ ಒಂಬತ್ತಕ್ಕೆ ವೈ ಹಾಕಿ ಒಂದನ್ನು ಬಿಟ್ಟರೆ ಆ ಒಂದಕ್ಕೆ ಜಮೆ ಬರುವುದಿಲ್ಲ. ಇದರ ಜೊತೆಗೆ ಅದೇ ಬಿಲ್‌ನ ಸ್ಟೇಟ್‌ಮೆಂಟ್ ಟೇಬಲ್‌ನಲ್ಲಿ ಘೋಷಣೆಯೂ ಹೋಗಬೇಕು.

ಇದನ್ನು ತುಂಬುವವರು ಸಿಎಚ್‌ಎ ಕಚೇರಿಯ ಹುಡುಗರು. ಹಳೆಯ ಬಿಲ್ ಕಾಪಿ ಮಾಡಿ ತಿದ್ದುವುದು ಅವರ ರೂಢಿ. ಹಳೆಯದರಲ್ಲಿ ಎನ್ ಇದ್ದರೆ ಹೊಸದರಲ್ಲೂ ಎನ್ ಉಳಿದುಬಿಡುತ್ತದೆ. ಹೀಗಾಗಿ ಫೈಲ್ ಮಾಡುವ ಮೊದಲು ಅವರು ಕಳಿಸುವ ಚೆಕ್‌ಲಿಸ್ಟ್ ತೆರೆದು ಮೂರು ಸಂಗತಿ ನೋಡಿ.

ಒಂದು, ಪ್ರತಿ ಐಟಂ ಎದುರು ವೈ ಇದೆಯೇ. ಎರಡು, ಸರಕಿನ ವರ್ಗ ತಿಳಿಸುವ 8 ಅಂಕಿಯ ಎಚ್‌ಎಸ್ ಕೋಡ್ ಸರಿಯಿದೆಯೇ. ರೋಡ್‌ಟೆಪ್ ದರಗಳು ಡಿಜಿಎಫ್‌ಟಿಯ ಅನುಬಂಧ 4ಆರ್‌ನಲ್ಲಿ ಈ ಕೋಡ್ ಪ್ರಕಾರವೇ ಇವೆ. ಮೂರು, ಪ್ರಮಾಣ ಮತ್ತು ಅದರ ಯೂನಿಟ್. ಕೆಲವು ಸರಕಿಗೆ ಎಫ್‌ಒಬಿ ಮೌಲ್ಯದ ಶೇಕಡಾವಾರು ದರದ ಜೊತೆಗೆ, ಕೆಜಿಗೆ ಅಥವಾ ನಗಕ್ಕೆ (ಪೀಸ್‌ಗೆ) ಇಷ್ಟು ರೂಪಾಯಿ ಮೀರಬಾರದು ಎಂಬ ಮಿತಿಯಿದೆ. ಅನುಬಂಧದಲ್ಲಿ ಕೆಜಿ ಇದ್ದು ನೀವು ನಗಗಳ ಸಂಖ್ಯೆ ಬರೆದರೆ ಆ ಮಿತಿಯ ಲೆಕ್ಕ ತಪ್ಪಿ, ಜಮೆ ಚೂರುಪಾರು ಬರುತ್ತದೆ.

ಸರ್ಕಾರ ದರಗಳನ್ನು ಆಗಾಗ ಬದಲಿಸುತ್ತದೆ. ಯೋಜನೆಯ ಅವಧಿಯನ್ನೂ ಅಷ್ಟಷ್ಟೇ ವಿಸ್ತರಿಸುತ್ತಾ ಬಂದಿದೆ. ಕಳೆದ ವರ್ಷದ ದರ ನಂಬಿ ಆರ್ಡರ್‌ಗೆ ಬೆಲೆ ಹೇಳಬೇಡಿ. ಆ ದಿನದ ಅನುಬಂಧ ತೆರೆದು ನೋಡಿ.

ಸಿದ್ಧ ಉಡುಪು ಕಳಿಸುವವರಿಗೆ ಇನ್ನೊಂದು ಮಾತು. ಎಚ್‌ಎಸ್ ಕೋಡ್‌ನ 61, 62, 63ನೇ ಅಧ್ಯಾಯದ ಉಡುಪು ಮತ್ತು ಮೇಡ್‌ಅಪ್‌ಗಳಿಗೆ (ಬೆಡ್‌ಶೀಟ್, ಟವೆಲ್‌ನಂಥವು) ರೋಸ್ಕ್‌ಟೆಲ್ ಎಂಬ ಬೇರೆ ಯೋಜನೆಯಿದೆ. ಅದರ ಕ್ಲೇಮ್ ಬೇರೆ, ದರಪಟ್ಟಿ ಬೇರೆ. ಸ್ಕ್ರಿಪ್ ಆದ ಮೇಲಿನ ಹಂತಗಳು ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಎಚ್ಚರಿಕೆಯ ಗುರುತು: "ವೈ ಹಾಕೋದು ಮರೆತುಹೋಯ್ತು, ಆಮೇಲೆ ತಿದ್ದೋಣ ಬಿಡಿ" ಎಂದು ಯಾರಾದರೂ ಹೇಳಿದರೆ ಕೂಡಲೇ ಎದ್ದು ಕೂರಿ. ಸರಕು ಹೋದ ಮೇಲೆ ತಿದ್ದಲು ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಇದೆ, ನಿಜ. ಆದರೆ ರಫ್ತಿನ ಸಮಯದಲ್ಲೇ ಇದ್ದ ದಾಖಲೆಗಳ ಆಧಾರದ ಮೇಲೆ ಅಧಿಕಾರಿ ಒಪ್ಪಬೇಕು. ಅದು ಸುತ್ತಾಟದ ದಾರಿ. ಸರಕು ಹೊರಡುವ ಮೊದಲೇ ತಿದ್ದಿಸಿ.

## ಹಂತ 3: ಇಜಿಎಂ ತಾಳೆಯಾಯಿತೇ ನೋಡಿ

ಸರಕು ದೇಶ ಬಿಟ್ಟಿದೆ ಎಂದು ಹಡಗು ಅಥವಾ ವಿಮಾನ ಕಂಪನಿ ಕೊಡುವ ಪಟ್ಟಿಯೇ ಇಜಿಎಂ. ಅದು ಸಲ್ಲಿಕೆಯಾಗಿ ನಿಮ್ಮ ಶಿಪ್ಪಿಂಗ್ ಬಿಲ್ ಜೊತೆ ತಾಳೆಯಾಗುವವರೆಗೆ ಜಮೆ ಮುಂದೆ ಸಾಗುವುದಿಲ್ಲ. ತಾಳೆಯಾದ ಮೇಲೆ ರಿಸ್ಕ್ ಪರಿಶೀಲನೆ, ಆಮೇಲೆ ಸ್ಕ್ರೋಲ್ (ಜಮೆ ಮಂಜೂರಾದ ಬಿಲ್‌ಗಳ ಪಟ್ಟಿ). ಸ್ಕ್ರೋಲ್ ಆದ ಬಿಲ್‌ನ ಜಮೆ ನಿಮ್ಮ ಲಾಗಿನ್‌ನಲ್ಲಿ ಕಾಣತೊಡಗುತ್ತದೆ.

ವೈಟ್‌ಫೀಲ್ಡ್ ಐಸಿಡಿಯಿಂದ (ಒಳನಾಡಿನ ಕಂಟೇನರ್ ಡಿಪೊ) ಕಳಿಸುವವರು ಇಲ್ಲಿ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಟೇನರ್ ಒಳನಾಡಿನಿಂದ ಹೊರಟು ಬಂದರಿನಲ್ಲಿ ಹಡಗು ಹತ್ತುತ್ತದೆ. ಆದ್ದರಿಂದ ಐಸಿಡಿಯ ಇಜಿಎಂ ಮತ್ತು ಬಂದರಿನ ಗೇಟ್‌ವೇ ಇಜಿಎಂ ಎರಡೂ ಸರಿಯಾಗಿರಬೇಕು. ಕಂಟೇನರ್ ನಂಬರ್‌ನಲ್ಲಿ ಒಂದು ಅಕ್ಷರ ತಪ್ಪಿದರೂ, ಪ್ಯಾಕೇಜ್ ಎಣಿಕೆ ಹೊಂದದಿದ್ದರೂ ಬಿಲ್ ಅಲ್ಲೇ ನಿಲ್ಲುತ್ತದೆ.

ಐಸ್‌ಗೇಟ್‌ನ ಸಾರ್ವಜನಿಕ ವಿಚಾರಣೆ ಪುಟದಲ್ಲಿ ಶಿಪ್ಪಿಂಗ್ ಬಿಲ್ ಸ್ಥಿತಿ ನೋಡಬಹುದು. ಹಡಗು ಹೊರಟು ಕೆಲವು ವಾರ ಕಳೆದರೂ ಜಮೆ ಬರದಿದ್ದರೆ ಈ ಕ್ರಮದಲ್ಲಿ ಹುಡುಕಿ: ಮೊದಲು ಇಜಿಎಂ, ಆಮೇಲೆ ಅಧಿಕಾರಿಯ ಕ್ವೆರಿ ಏನಾದರೂ ಇದೆಯೇ, ಕೊನೆಗೆ ಐಇಸಿ ಮೇಲೆ ತಡೆ ಇದೆಯೇ. ಇಜಿಎಂ ತಪ್ಪಿದ್ದರೆ ಕಸ್ಟಮ್ಸ್‌ಗೆ ಸುಮ್ನೆ ಪತ್ರ ಬರೆದು ಪ್ರಯೋಜನವಿಲ್ಲ. ತಿದ್ದುಪಡಿ ಹಾಕಬೇಕಾದವರು ಶಿಪ್ಪಿಂಗ್ ಲೈನ್‌ನವರು. ಅವರನ್ನು ಹಿಡಿಯಿರಿ.

ಡ್ರಾಬ್ಯಾಕ್ (ಕಟ್ಟಿದ ಸುಂಕ ವಾಪಸ್ ಕೊಡುವ ಇನ್ನೊಂದು ಯೋಜನೆ) ಬ್ಯಾಂಕಿಗೆ ಬಂತು, ರೋಡ್‌ಟೆಪ್ ಯಾಕೆ ಬ್ಯಾಂಕಿಗೆ ಬರಲಿಲ್ಲ ಎಂದು ಕೇಳುವವರು ಬಹಳ. ಅದು ಬ್ಯಾಂಕಿಗೆ ಬರುವುದೇ ಇಲ್ಲ. ಹಂತ 5ರವರೆಗೆ ನೀವೇ ಹೋಗಬೇಕು.

## ಹಂತ 4: ಬಟನ್ ಒತ್ತುವ ಮೊದಲು ತೀರ್ಮಾನ ಮಾಡಿ

ಜಮೆ ಕಂಡ ಕೂಡಲೇ ಎಲ್ಲ ಬಿಲ್‌ಗೂ ಟಿಕ್ ಹಾಕಿ ಒಂದೇ ದೊಡ್ಡ ಸ್ಕ್ರಿಪ್ ಮಾಡಿಬಿಡುವುದು ಸಾಮಾನ್ಯ. ದಯವಿಟ್ಟು ತಡೆಯಿರಿ. ನಾಲ್ಕು ನಿಯಮ ತಿಳಿದುಕೊಂಡರೆ ಯಾಕೆಂದು ಗೊತ್ತಾಗುತ್ತದೆ.

ಮೊದಲನೆಯದು, ಸ್ಕ್ರಿಪ್ ಆಗುವುದು ಕಸ್ಟಮ್ಸ್ ಠಾಣೆವಾರು. ಒಂದೇ ಕಡೆ ಫೈಲ್ ಆದ ಬಿಲ್‌ಗಳನ್ನು ಮಾತ್ರ ಒಟ್ಟು ಸೇರಿಸಬಹುದು. ಇಲ್ಲಿ ಲೆಕ್ಕಕ್ಕೆ ಬರುವುದು ಶಿಪ್ಪಿಂಗ್ ಬಿಲ್ ಎಲ್ಲಿ ಫೈಲ್ ಆಯಿತು ಎಂಬುದು. ಹಡಗು ಎಲ್ಲಿಂದ ಹೊರಟಿತು ಎಂಬುದಲ್ಲ.

ಎರಡನೆಯದು, ವರ್ಗಾವಣೆ ಮಾಡುವಾಗ ಸ್ಕ್ರಿಪ್ ಇಡಿಯಾಗಿಯೇ ಹೋಗಬೇಕು. 8 ಲಕ್ಷದ ಸ್ಕ್ರಿಪ್‌ನಲ್ಲಿ 3 ಲಕ್ಷ ಮಾರಿ 5 ಲಕ್ಷ ಇಟ್ಟುಕೊಳ್ಳುತ್ತೇನೆ ಎಂದರೆ ಆಗದು.

ಮೂರನೆಯದು, ಸ್ಕ್ರಿಪ್‌ನ ಆಯುಸ್ಸು ಅದು ಸೃಷ್ಟಿಯಾದ ದಿನದಿಂದ 2 ವರ್ಷ. ಮೊದಲು 1 ವರ್ಷ ಇತ್ತು, 2022ರ ಸೆಪ್ಟೆಂಬರ್‌ನಲ್ಲಿ ಎರಡಕ್ಕೆ ಏರಿಸಿದರು. ಹಳೆಯ ಲೇಖನಗಳಲ್ಲಿ ಇನ್ನೂ ಒಂದು ವರ್ಷ ಎಂದೇ ಇದೆ. ಯಾರಿಗೆ ಮಾರಿದರೂ ಗಡಿಯಾರ ಹೊಸದಾಗಿ ಶುರುವಾಗುವುದಿಲ್ಲ. ಉಳಿದಷ್ಟೇ ಅವಧಿ ಕೊಂಡವರಿಗೆ ಸಿಗುತ್ತದೆ.

ನಾಲ್ಕನೆಯದು, ಸ್ಕ್ರೋಲ್ ಆದ ಜಮೆಯನ್ನು ಸ್ಕ್ರಿಪ್ ಮಾಡಲು ನಿಮಗೆ 1 ವರ್ಷ ಇದೆ. ಅಷ್ಟರಲ್ಲಿ ನೀವು ಏನೂ ಮಾಡದಿದ್ದರೆ ಸಿಸ್ಟಮ್ಮೇ ಠಾಣೆವಾರು ಸ್ಕ್ರಿಪ್ ಮಾಡಿಬಿಡುತ್ತದೆ. ಆಗ ಗಾತ್ರ ನಿಮ್ಮ ಕೈಯಲ್ಲಿರುವುದಿಲ್ಲ.

ಹಾಗಾಗಿ ಮುಂದಿನ ಆರೇಳು ತಿಂಗಳಲ್ಲಿ ನೀವು ತರಿಸುವ ಸರಕಿಗೆ ಮೂಲ ಸುಂಕ ಎಷ್ಟು ಬೀಳಬಹುದು ಎಂದು ಲೆಕ್ಕ ಹಾಕಿ. ಅಷ್ಟು ಮೊತ್ತ ಸ್ವಂತಕ್ಕೆ. ಉಳಿದದ್ದು ಮಾರಾಟಕ್ಕೆ. ಎರಡಕ್ಕೂ ಬೇರೆ ಬೇರೆ ಸ್ಕ್ರಿಪ್ ಮಾಡಿ. ಸದ್ಯ ಆಮದೂ ಇಲ್ಲ, ಕೊಳ್ಳುವವರೂ ಸಿಕ್ಕಿಲ್ಲ ಎಂದಾದರೆ ಸ್ಕ್ರಿಪ್ ಮಾಡುವುದಕ್ಕೆ ಅವಸರ ಬೇಡ. ಜಮೆಯಾಗಿಯೇ ಇರಲಿ. ಆ ಒಂದು ವರ್ಷ ನಿಮಗೆ ಪುಕ್ಕಟೆ ಸಿಕ್ಕ ಕಾಲಾವಕಾಶ. ಕ್ಯಾಲೆಂಡರ್‌ನಲ್ಲಿ ಸ್ಕ್ರೋಲ್ ಆದ ಮೇಲಿನ ಹತ್ತನೇ ತಿಂಗಳಿಗೆ ಒಂದು ಗುರುತು ಹಾಕಿಕೊಂಡರೆ ಸಾಕು.

## ಹಂತ 5: ಸ್ಕ್ರಿಪ್ ಸೃಷ್ಟಿಸಿ

ಇದು ಕೆಲವೇ ನಿಮಿಷದ ಕೆಲಸ. ಲಾಗಿನ್ ಆಗಿ ಕಸ್ಟಮ್ಸ್ ಠಾಣೆ ಆರಿಸಿ. ಬಾಕಿ ಇರುವ ಬಿಲ್‌ಗಳ ಪಟ್ಟಿ ಬರುತ್ತದೆ. ನಿಮ್ಮ ಶೀಟ್ ಪಕ್ಕದಲ್ಲಿಟ್ಟುಕೊಂಡು ಬೇಕಾದವಕ್ಕೆ ಮಾತ್ರ ಟಿಕ್ ಹಾಕಿ, ಮೊತ್ತ ಕೂಡಿ ನೋಡಿ, ಡಿಎಸ್‌ಸಿಯಿಂದ ಸಹಿ ಮಾಡಿ. ಸ್ಕ್ರಿಪ್ ಸಂಖ್ಯೆ, ದಿನಾಂಕ, ಮೊತ್ತವನ್ನು ಕೂಡಲೇ ಶೀಟ್‌ಗೆ ಸೇರಿಸಿ. ಪಕ್ಕದ ಕಾಲಂನಲ್ಲಿ ಅವಧಿ ಮುಗಿಯುವ ದಿನವನ್ನೂ ಬರೆಯಿರಿ.

ಇಲ್ಲಿ ಒಂದು ಬಿಲ್‌ನ ಜಮೆ ನಿಮ್ಮ ಅಂದಾಜಿಗಿಂತ ತೀರಾ ಕಡಿಮೆ ಕಂಡರೆ ಹಾಗೇ ಸಹಿ ಹಾಕಬೇಡಿ. ಹಂತ 2ರ ಯೂನಿಟ್ ತಪ್ಪು ಬಹಳ ಸಲ ಬಯಲಾಗುವುದು ಈ ಪರದೆಯಲ್ಲಿ. ಆ ಬಿಲ್ ಬದಿಗಿಟ್ಟು ಕಾರಣ ಹುಡುಕಿ.

## ಹಂತ 6: ಬಿಲ್ ಆಫ್ ಎಂಟ್ರಿಯಲ್ಲಿ ಬಳಸಿ

ಹಿಂದೆ ಎಂಇಐಎಸ್ ಎಂಬ ಹಳೆಯ ರಫ್ತು ಯೋಜನೆಯ ಕಾಲದಲ್ಲಿ ಕಾಗದದ ಸ್ಕ್ರಿಪ್ ಹಿಡಿದು ಬಂದರಿನಲ್ಲಿ ನೋಂದಣಿ ಮಾಡಿಸಬೇಕಿತ್ತು. ಇ-ಸ್ಕ್ರಿಪ್‌ಗೆ ಅದು ಬೇಡ. ಬೆಂಗಳೂರಿನಲ್ಲಿ ಆದ ಸ್ಕ್ರಿಪ್ಪನ್ನು ಚೆನ್ನೈಯಲ್ಲೋ ನ್ಹಾವಾ ಶೇವಾದಲ್ಲೋ ಬಳಸಬಹುದು. ಠಾಣೆಯ ಕಟ್ಟು ಇರುವುದು ಸ್ಕ್ರಿಪ್ ಮಾಡುವಾಗ ಮಾತ್ರ.

ಕ್ರಮ ಹೀಗಿರಲಿ:

1. ಬಿಲ್ ಆಫ್ ಎಂಟ್ರಿ (ಆಮದಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ತಯಾರಾಗುವ ಮೊದಲೇ ಸಿಎಚ್‌ಎಗೆ ಸ್ಕ್ರಿಪ್ ಸಂಖ್ಯೆ, ದಿನಾಂಕ, ಬಳಸಬೇಕಾದ ಮೊತ್ತವನ್ನು ಇಮೇಲ್‌ನಲ್ಲಿ ಕೊಡಿ. ಫೋನಿನಲ್ಲಿ ಹೇಳಿದ ಅಂಕಿ ಅದಲುಬದಲಾಗುತ್ತದೆ.
2. ಸ್ಕ್ರಿಪ್ ವಿವರವೂ ಐಟಂವಾರು ಹೋಗುತ್ತದೆ. ಯಾವ ಐಟಂಗೆ ಎಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ. ಮೂಲ ಸುಂಕ ಜಾಸ್ತಿ ಇರುವ ಐಟಂನಿಂದ ಶುರುಮಾಡಿ.
3. ಚೆಕ್‌ಲಿಸ್ಟ್‌ನಲ್ಲಿ ಮೂಲ ಸುಂಕದ ಎದುರು ಸ್ಕ್ರಿಪ್ ಡೆಬಿಟ್ ಕಾಣಬೇಕು. ಕಂಡ ಮೇಲೆಯೇ ಒಪ್ಪಿಗೆ ಕೊಡಿ.
4. ಉಳಿದ ಸರ್‌ಚಾರ್ಜ್, ಸೆಸ್, ಐಜಿಎಸ್‌ಟಿಗೆ ಬೇಕಾದ ಹಣವನ್ನು ಕ್ಯಾಶ್ ಲೆಡ್ಜರ್‌ನಲ್ಲಿ ಮೊದಲೇ ತುಂಬಿಸಿ. ಗಡುವಿನೊಳಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ, ಗೋದಾಮಿನ ಡೆಮರೇಜ್ ಬೇರೆ.
5. ಸರಕು ಬಿಡಿಸಿಕೊಂಡ ಮೇಲೆ ಲೆಡ್ಜರ್ ತೆರೆದು ಸ್ಕ್ರಿಪ್‌ನಲ್ಲಿ ಉಳಿದ ಬಾಕಿ ನೋಡಿ. 80,000ದ ಸ್ಕ್ರಿಪ್‌ನಲ್ಲಿ 75,000 ಹೋಗಿದ್ದರೆ 5,000 ಮುಂದಿನ ಆಮದಿಗೆ ಉಳಿಯುತ್ತದೆ.

ಎಚ್ಚರಿಕೆಯ ಗುರುತು: ಚಲನ್‌ನಲ್ಲಿ ಮೂಲ ಸುಂಕವೂ ಸೇರಿ ಪೂರ್ತಿ ಮೊತ್ತ ಕೇಳುತ್ತಿದ್ದರೆ ಸ್ಕ್ರಿಪ್ ಸೇರಿಲ್ಲ ಎಂದೇ ಅರ್ಥ. ಮೇಲಿನ ಉದಾಹರಣೆಯಲ್ಲಿ 2,02,350 ಬರಬೇಕಾದ ಕಡೆ 2,77,350 ಬಂದರೆ ಹಣ ಕಟ್ಟಬೇಡಿ. ಒಮ್ಮೆ ನಗದು ಕಟ್ಟಿದ ಮೇಲೆ ಅದನ್ನು ಸ್ಕ್ರಿಪ್‌ಗೆ ಬದಲಾಯಿಸಿಕೊಳ್ಳುವುದು ತಲೆನೋವು.

ಇನ್ನೊಂದು ಗುರುತು: ಅವಧಿ ಮುಗಿಯಲು ಒಂದೆರಡು ವಾರ ಇರುವ ಸ್ಕ್ರಿಪ್ ನಂಬಿ ಹಡಗಿಗಾಗಿ ಕಾಯುವುದು. ಹಡಗು ತಡವಾಗುವುದು ಯಾವಾಗಲೂ ಇದ್ದದ್ದೇ. ಅಂಥ ಸ್ಕ್ರಿಪ್ಪನ್ನು ಒಂದಿಷ್ಟು ಕಡಿಮೆ ಬೆಲೆಗಾದರೂ ಮಾರಿಬಿಡಿ.

## ಹಂತ 7: ಆಮದು ಇಲ್ಲದಿದ್ದರೆ ಮಾರಿ

ಕೊಳ್ಳುವವರಿಗೂ ಐಇಸಿ ಮತ್ತು ಐಸ್‌ಗೇಟ್ ಲೆಡ್ಜರ್ ಖಾತೆ ಇರಲೇಬೇಕು. ನೀವು ಅವರ ಐಇಸಿ ಹಾಕಿ ವರ್ಗಾವಣೆ ಕಳಿಸುತ್ತೀರಿ, ಅವರು ತಮ್ಮ ಲಾಗಿನ್‌ನಿಂದ ಒಪ್ಪಿಕೊಳ್ಳುತ್ತಾರೆ. ಐಇಸಿಯನ್ನು ಎರಡು ಸಲ ಓದಿ ಹಾಕಿ. ಪೂರ್ತಿಯಾದ ವರ್ಗಾವಣೆಯನ್ನು ನೀವೊಬ್ಬರೇ ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ.

ಬೆಲೆ ಮುಖಬೆಲೆಗಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. 5 ಲಕ್ಷದ ಸ್ಕ್ರಿಪ್ ನೂರಕ್ಕೆ 97ರಂತೆ ಹೋದರೆ ನಿಮಗೆ 4,85,000. ಉಳಿದ ಅವಧಿ ಕಡಿಮೆಯಾದಷ್ಟೂ ಬೆಲೆ ಇಳಿಯುತ್ತದೆ. ಒಬ್ಬನೇ ಬ್ರೋಕರ್ ಮಾತು ಕೇಳದೆ ಒಂದೇ ದಿನ ಮೂರು ಕಡೆ ವಿಚಾರಿಸಿ. ನಿಮ್ಮದೇ ಕಚ್ಚಾ ಮಾಲು ಪೂರೈಸುವ ಆಮದುದಾರರಿಗೆ ನೇರವಾಗಿ ಕೊಟ್ಟರೆ ನಡುವಿನ ಕಮಿಷನ್ ಉಳಿಯುತ್ತದೆ. ಎಷ್ಟೋ ಜನಕ್ಕೆ ಇದು ಹೊಳೆಯುವುದೇ ಇಲ್ಲ.

ಹಣ ಮೊದಲೋ ಸ್ಕ್ರಿಪ್ ಮೊದಲೋ ಎಂಬ ಜಗ್ಗಾಟ ಯಾವಾಗಲೂ ಇದೆ. ಗುರುತಿಲ್ಲದವರಾದರೆ ಹಣ ಬ್ಯಾಂಕಿಗೆ ಬಿದ್ದ ಮೇಲೆಯೇ ವರ್ಗಾಯಿಸಿ. ಅದಕ್ಕೆ ಅವರು ಒಪ್ಪದಿದ್ದರೆ ಮೊದಲು ಒಂದು ಸಣ್ಣ ಸ್ಕ್ರಿಪ್‌ನಿಂದ ವ್ಯವಹಾರ ಶುರುಮಾಡಿ. ಹಂತ 4ರಲ್ಲಿ ಬೇರೆ ಬೇರೆ ಗಾತ್ರದ ಸ್ಕ್ರಿಪ್ ಮಾಡಿ ಎಂದದ್ದು ಇಲ್ಲೂ ಕೈ ಹಿಡಿಯುತ್ತದೆ.

ಮಾರಾಟಕ್ಕೆ ಇನ್‌ವಾಯ್ಸ್ ಮಾಡಿ. ಡ್ಯೂಟಿ ಕ್ರೆಡಿಟ್ ಸ್ಕ್ರಿಪ್‌ಗೆ ಎಚ್‌ಎಸ್‌ಎನ್ (ಜಿಎಸ್‌ಟಿಯಲ್ಲಿ ಸರಕಿನ ಕೋಡ್) 4907. 2017ರ ಅಕ್ಟೋಬರ್‌ನಿಂದ ಇದರ ಮೇಲೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಇಲ್ಲದ ಮಾರಾಟ ಎಂಬ ಕಾರಣಕ್ಕೆ ಇನ್‌ಪುಟ್ ಕ್ರೆಡಿಟ್ ವಾಪಸ್ ಮಾಡಬೇಕೇ ಎಂದು ಹೆದರುವುದೂ ಬೇಡ. 2022ರ ಜುಲೈನಲ್ಲಿ ಸ್ಕ್ರಿಪ್ ಮೌಲ್ಯವನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಆದಾಯ ತೆರಿಗೆಯಲ್ಲಿ ಮಾತ್ರ ಇದು ವ್ಯಾಪಾರದ ಆದಾಯವೇ. ಆಡಿಟರ್‌ಗೆ ತಿಳಿಸಿ.

ನೀವು ಸ್ಕ್ರಿಪ್ ಕೊಳ್ಳುವ ಕಡೆಯವರಾದರೆ ಮಾರುವವರ ಪೂರ್ವಾಪರ ವಿಚಾರಿಸದೆ ಕೈಹಾಕಬೇಡಿ. ಮಾರುಕಟ್ಟೆಗಿಂತ ತೀರಾ ಅಗ್ಗಕ್ಕೆ ಬರುವ ಸ್ಕ್ರಿಪ್ ಅನುಮಾನಕ್ಕೆ ಕಾರಣವಾಗಬೇಕು. ಸುಳ್ಳು ದಾಖಲೆ ಕೊಟ್ಟು ಪಡೆದ ಸ್ಕ್ರಿಪ್‌ನ ಸುಂಕವನ್ನು ಕಸ್ಟಮ್ಸ್ ಕಾಯ್ದೆಯ 28ಎಎಎ ಸೆಕ್ಷನ್ ಪ್ರಕಾರ ಅದನ್ನು ಪಡೆದವರಿಂದ ವಸೂಲು ಮಾಡುತ್ತಾರೆ. ಹಾಗೆಂದು ಆಮದುದಾರರ ಮೇಲೆ ಕ್ರಮವಿಲ್ಲ ಎಂದು ಆ ಸೆಕ್ಷನ್ ಹೇಳುವುದಿಲ್ಲ.

## ಹಂತ 8: ಸ್ಕ್ರಿಪ್ ಖರ್ಚಾದ ಮೇಲೂ ಬಾಕಿ ಇರುವ ಕೆಲಸ

ವಿದೇಶಿ ಗ್ರಾಹಕರಿಂದ ಹಣ ಬಂದಿರಲಿ ಬಿಡಲಿ, ಸರ್ಕಾರ ಜಮೆ ಮೊದಲೇ ಕೊಟ್ಟುಬಿಡುತ್ತದೆ. ಆದರೆ ರಿಸರ್ವ್ ಬ್ಯಾಂಕ್ ನಿಯಮದ ಗಡುವಿನೊಳಗೆ ಹಣ ಬರದಿದ್ದರೆ ಆ ಜಮೆ ಕೊಟ್ಟೇ ಇಲ್ಲ ಎಂದು ಪರಿಗಣಿಸಲಾಗುತ್ತದೆ. ಆಗ ಬಳಸಿದ ಅಷ್ಟನ್ನೂ ಬಡ್ಡಿ ಸಮೇತ ನಗದಾಗಿ ವಾಪಸ್ ಕಟ್ಟಬೇಕು. ಆದ್ದರಿಂದ ಶೀಟ್‌ನಲ್ಲಿ ಕೊನೆಯ ಕಾಲಂ ಒಂದಿರಲಿ: ಪ್ರತಿ ಶಿಪ್ಪಿಂಗ್ ಬಿಲ್‌ಗೆ ಹಣ ಬಂದ ದಿನ ಮತ್ತು ಇ-ಬಿಆರ್‌ಸಿ (ಹಣ ಬಂದದ್ದಕ್ಕೆ ಎಲೆಕ್ಟ್ರಾನಿಕ್ ಪ್ರಮಾಣಪತ್ರ) ಸಂಖ್ಯೆ. ಗ್ರಾಹಕರು ಅರ್ಧ ಹಣ ಹಿಡಿದಿದ್ದರೆ ಅದನ್ನೂ ಬರೆಯಿರಿ.

ಒಂದು ಹಣಕಾಸು ವರ್ಷದಲ್ಲಿ ಒಟ್ಟು ರೋಡ್‌ಟೆಪ್ ಕ್ಲೇಮ್ 1 ಕೋಟಿ ರೂಪಾಯಿ ದಾಟಿದವರು ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ವಾರ್ಷಿಕ ರೋಡ್‌ಟೆಪ್ ರಿಟರ್ನ್ ಸಲ್ಲಿಸಬೇಕು. ಗಡುವು ಮುಂದಿನ ಹಣಕಾಸು ವರ್ಷದ ಕೊನೆಯ ದಿನ, ಮಾರ್ಚ್ 31. ಸಲ್ಲಿಸದಿದ್ದರೆ ಹೊಸ ಜಮೆಗಳು ನಿಲ್ಲುತ್ತವೆ. ಇದಕ್ಕೆ ಉತ್ಪಾದನೆಯಲ್ಲಿ ನೀವು ಕಟ್ಟಿದ ವಿದ್ಯುತ್ ಸುಂಕ, ಡೀಸೆಲ್ ಮೇಲಿನ ವ್ಯಾಟ್‌ನಂಥ ತೆರಿಗೆಗಳ ಲೆಕ್ಕ ಬೇಕು. ಬೆಸ್ಕಾಂ ಬಿಲ್, ಡೀಸೆಲ್ ರಸೀದಿಗಳನ್ನು ವರ್ಷದ ಮೊದಲಿಂದಲೇ ಫೈಲ್ ಮಾಡಿಡಿ. ಮಾರ್ಚ್ ಕೊನೆಯಲ್ಲಿ ಹುಡುಕಲು ಕೂತರೆ ಅರ್ಧವೂ ಸಿಗುವುದಿಲ್ಲ.